ಆನ್‌ಲೈನ್ ಕೋರ್ಸನ್ನು ಅರ್ಧಕ್ಕೆ ಬಿಡದೆ ಮುಗಿಸೋದು ಹೇಗೆ

ಸೇರಿದ ತಕ್ಷಣ ವಿಡಿಯೋ ನೋಡೋಕೆ ಕೂರಬೇಡಿ. ಮೊದಲು ಸಿಲಬಸ್ ತೆರೆದು, ಯಾವ ಅಸೈನ್‌ಮೆಂಟಿಗೆ ಎಷ್ಟು ಅಂಕ, ಯಾವತ್ತು ಕೊನೆ ದಿನ ಅಂತ ನೋಡಿ ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಕೆಲವು ಕಡೆ ಗಡುವನ್ನು ಯುಟಿಸಿ ಅಂದರೆ ಜಾಗತಿಕ ಪ್ರಮಾಣಿತ ಸಮಯದಲ್ಲಿ ಕೊಟ್ಟಿರುತ್ತಾರೆ. ನಿಮ್ಮ ಗಡಿಯಾರದಲ್ಲಿ ಅದು ಎಷ್ಟು ಗಂಟೆ ಅಂತ ಮೊದಲೇ ಲೆಕ್ಕ ಹಾಕಿಡಿ.

ದುಡ್ಡು ಕಟ್ಟೋ ಮುಂಚೆ ಸರ್ಟಿಫಿಕೇಟ್ ನಿಜವಾಗಿ ಬೇಕಾ ಯೋಚಿಸಿ. ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸ್ ತಾಣದಲ್ಲಿ ಎಷ್ಟೋ ಕೋರ್ಸ್‌ಗಳನ್ನು ಆಡಿಟ್ ಅಂತ ಪುಕ್ಕಟೆಯಾಗಿ ನೋಡಬಹುದು, ಸರ್ಟಿಫಿಕೇಟ್ ಮಾತ್ರ ಸಿಗೋದಿಲ್ಲ.

ಇನ್ನು ಓದುವ ರೀತಿ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ವಿಡಿಯೋ ನೋಡುತ್ತಿದ್ದರೆ ಎಲ್ಲಾ ಅರ್ಥವಾದ ಹಾಗೇ ಅನಿಸುತ್ತದೆ, ಅಲ್ವಾ? ಆದರೆ ಹೊಸದಾಗಿ ಕಲಿತದ್ದು ಬೇಗನೆ ಮರೆತುಹೋಗುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಅದಕ್ಕೇ ಹತ್ತು ನಿಮಿಷಕ್ಕೊಮ್ಮೆ ವಿಡಿಯೋ ನಿಲ್ಲಿಸಿ, ಪರದೆ ಮುಚ್ಚಿ, ನೆನಪಿದ್ದಷ್ಟನ್ನು ಖಾಲಿ ಹಾಳೆ ಮೇಲೆ ನಿಮ್ಮದೇ ಮಾತಲ್ಲಿ ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಷ್ಟು ಭಾಗ ಮಾತ್ರ ಮತ್ತೆ ನೋಡಿ. ಮರುದಿನ, ಆಮೇಲೆ ವಾರ ಬಿಟ್ಟು ಅದನ್ನೇ ಮಾಡಿ. ಸುಮ್ನೆ ನೋಟ್ಸ್ ಕಾಪಿ ಮಾಡೋದಕ್ಕಿಂತ ಇದು ಜಾಸ್ತಿ ದಕ್ಕುತ್ತದೆ.

ಒಂದು ವಾರ ಹಿಂದೆ ಬಿದ್ದರೆ ಗಾಬರಿಯಾಗಬೇಡಿ, ಬಿಟ್ಟುಹೋದ ವಿಡಿಯೋಗಳನ್ನು ಪಕ್ಕಕ್ಕಿಟ್ಟು ಅಂಕ ಇರುವ ಕೆಲಸ ಮೊದಲು ಮುಗಿಸಿ.