ಮೂರು ಬೆಂಚು, ಒಂದು ಪೆಟ್ಟಿಗೆ: ಅಧಿಕಾರ ಪ್ರತ್ಯೇಕತೆ ಕಲಿಸಿದ ನನ್ನ ಅನುಭವ

ಅಧಿಕಾರ ಪ್ರತ್ಯೇಕತೆ, ಅಂದರೆ ಕಾನೂನು ಮಾಡುವ ಶಾಸಕಾಂಗ, ಜಾರಿ ಮಾಡುವ ಕಾರ್ಯಾಂಗ, ತೀರ್ಪು ಕೊಡುವ ನ್ಯಾಯಾಂಗ ಬೇರೆಬೇರೆ ಇರಬೇಕು ಎನ್ನುವ ಪಾಠ ಬಂತೆಂದರೆ ನಾವು ರಾಜ್ಯಶಾಸ್ತ್ರದವರು ಮಾಡಿಸುವುದು ಅಣಕು ಸಂಸತ್ತು. ನಾನೂ ವರ್ಷಗಟ್ಟಲೆ ಮಾಡಿಸಿದೆ. ಕೊನೆಯ ಸಲ ಮೈಕು, ಶಾಮಿಯಾನ, ಬಾಡಿಗೆ ಪೇಟ, ಕರಿ ಕೋಟು ಎಲ್ಲ ಸೇರಿ 8-9 ಸಾವಿರ ಹೋಯಿತು, ಅರ್ಧ ನನ್ನ ಜೇಬಿನದು. ಫೋಟೊ ಚೆನ್ನಾಗಿ ಬಂದವು. ಪರೀಕ್ಷೆಯಲ್ಲಿ ಮಾತ್ರ ಅದೇ ಗಿಳಿಪಾಠ. ಮೂರು ಅಂಗಗಳಿಗೆ ಜಟಾಪಟಿಯಾದರೆ ಗತಿಯೇನು ಎಂದರೆ ಒಬ್ಬರೂ ಬಾಯಿಬಿಡಲಿಲ್ಲ.

ಆಮೇಲೆ ಯಾರ ಕೆಲಸ ಏನು ಎನ್ನುವುದನ್ನೇ ಕೈಬಿಟ್ಟೆ. ಯಾರ ಕೈಲಿ ಏನು ಆಗುವುದಿಲ್ಲ ಎನ್ನುವುದನ್ನಷ್ಟೇ ಹಿಡಿದೆ. ಮೂರು ಬೆಂಚು, ಒಂದು ತಗಡಿನ ಪೆಟ್ಟಿಗೆ, ಒಂದು ಕಡತ. ಪೆಟ್ಟಿಗೆ ಕಾರ್ಯಾಂಗದ ಬೆಂಚಿನ ಮೇಲೆ, ಬೀಗದ ಕೈ ಶಾಸಕಾಂಗದ ಹತ್ತಿರ. ಖರ್ಚಿಗೆ ಸದನ ಒಪ್ಪಿಗೆ ಕೊಡುವ ಧನವಿನಿಯೋಗ ಮಸೂದೆ ಪಾಸಾಗದೆ ಬಿಡಿಗಾಸೂ ಹೊರಬರುವಂತಿಲ್ಲ. ನ್ಯಾಯಾಂಗದ ಬೆಂಚಿಗೆ ದುಡ್ಡಿಲ್ಲ, ಪೊಲೀಸರಿಲ್ಲ, ಇರುವುದು ಆದೇಶ ಬರೆಯುವ ಹಾಳೆ ಮಾತ್ರ. ಮಂತ್ರಿಗಳು ಎಲ್ಲಿ ಕೂರಬೇಕು ಎಂದು ಮಕ್ಕಳೇ ತಕರಾರು ತೆಗೆದರು. ಶಾಸಕಾಂಗ, ಕಾರ್ಯಾಂಗದ ಬೆಂಚುಗಳ ನಡುವೆ ಕುರ್ಚಿ ಹಾಕಿಸಿದೆ. ಸದನದ ವಿಶ್ವಾಸ ಹೋದರೆ ಕುರ್ಚಿಯೂ ಹೋಯಿತು. ಖರ್ಚು 600 ರೂಪಾಯಿ ಆಸುಪಾಸು, ಅದರಲ್ಲಿ ಜೆರಾಕ್ಸಿನದೇ ಹೆಚ್ಚು.

ಕಡತಕ್ಕೆ ಕಾವೇರಿ ನೀರಿನ ವಿವಾದವನ್ನೇ ಆರಿಸಿದೆ. ನಮ್ಮದು ಮಂಡ್ಯ ಕಡೆಯ ಕಾಲೇಜು. "ಸಾರ್, ಕ್ಲಾಸಲ್ಲಿ ಗಲಾಟೆ ಆಗುತ್ತೆ, ಪೋರ್ಷನ್ ಬೇರೆ ಮುಗಿಯಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ತಡೆದರು. ನಾನು ಕೇಳಲಿಲ್ಲ.

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಜುಲೈನಲ್ಲಿ ನಮ್ಮ ಸರ್ಕಾರ ಆ ಆದೇಶವನ್ನು ಬದಿಗಿಟ್ಟು ನಮ್ಮ ರೈತರಿಗೆ ನೀರು ಉಳಿಸಿಕೊಳ್ಳಲು ಸುಗ್ರೀವಾಜ್ಞೆ ತಂದಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್‌ನಲ್ಲಿ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದಿತು. ಆದರೆ ಈ ಕೊನೆಯ ಹಾಳೆಯನ್ನು ಮಕ್ಕಳಿಗೆ ಕೊಡಲಿಲ್ಲ.

ಶಾಸಕಾಂಗದ ಬೆಂಚಿನ ಹುಡುಗ, ಅವರಪ್ಪ ಭತ್ತ ಬೆಳೆಯುವವರು, ಎದ್ದುನಿಂತು ಕೇಳಿದ: "ಗದ್ದೆ ನಮ್ದು, ಸದನ ನಮ್ದು, ಕಾನೂನು ಮಾಡಿದ್ರೆ ತಪ್ಪೇನು?" ನ್ಯಾಯಾಂಗದ ಬೆಂಚಿನ ಹುಡುಗಿ ಸ್ವಲ್ಪ ಹೊತ್ತು ಹಾಳೆ ತಿರುವಿ ಹೇಳಿದಳು: "ಕಾನೂನು ಮಾಡು, ಬೇಡ ಅಂದೋರ್ಯಾರು? ಆದ್ರೆ ನಿನ್ ಕೇಸಿಗೆ ನೀನೇ ಜಡ್ಜ್ ಆಗ್ಬಿಟ್ಟಿದೀಯ." ಸುಪ್ರೀಂ ಕೋರ್ಟ್ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಆಗ ಕೊನೆಯ ಹಾಳೆ ಹಂಚಿದೆ. ಗಲಾಟೆ ಆಗಲಿಲ್ಲ.

ಇಷ್ಟಕ್ಕೇ ಬಿಟ್ಟರೆ ಕೋರ್ಟೇ ದೊಡ್ಡದು ಎಂಬ ತಪ್ಪು ತಿಳಿವಳಿಕೆ ಉಳಿಯುತ್ತದೆ. ಅದಕ್ಕೇ ಬಿ.ಕೆ. ಪವಿತ್ರ ಪ್ರಕರಣ. ಮೀಸಲಾತಿಯಲ್ಲಿ ಬಡ್ತಿ ಪಡೆದ ಸರ್ಕಾರಿ ನೌಕರರ ಜ್ಯೇಷ್ಠತೆ (ಸೇವಾ ಹಿರಿತನ) ಕುರಿತ ರಾಜ್ಯದ 2002ರ ಕಾಯ್ದೆ, ಅಂಕಿಅಂಶದ ಆಧಾರವಿಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ರತ್ನಪ್ರಭಾ ಅವರ ಸಮಿತಿಯಿಂದ ಆ ಅಂಕಿಅಂಶದ ವರದಿ ತರಿಸಿತು, ಸದನ ಹೊಸ ಕಾಯ್ದೆ ಮಾಡಿತು, 2019ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಎತ್ತಿಹಿಡಿಯಿತು. ತೀರ್ಪನ್ನು ಅಳಿಸುವಂತಿಲ್ಲ, ತೀರ್ಪು ತೋರಿಸಿದ ಕೊರತೆಯನ್ನು ತುಂಬಬಹುದು. ಎರಡೂ ಕಡತ ಅಕ್ಕಪಕ್ಕ ಇಟ್ಟರೆ ಮಕ್ಕಳಿಗೆ ತಾವಾಗಿಯೇ ಹೊಳೆಯುತ್ತದೆ.

ಆ ವರ್ಷ 60 ಮಂದಿಯಲ್ಲಿ 40ಕ್ಕೂ ಹೆಚ್ಚು ಜನ ಸ್ವಂತ ಮಾತಿನಲ್ಲಿ ಉತ್ತರ ಬರೆದರು. ನಮ್ಮ ಕಡೆ ಇಂಥ ಉತ್ತರಪತ್ರಿಕೆ ನಾನಂತೂ ಬೇರೆಲ್ಲೂ ನೋಡಿಲ್ಲ. ನ್ಯಾಯಾಂಗದ ಬೆಂಚಿಗೆ ಯಾರನ್ನು, ಹೇಗೆ ಆರಿಸುತ್ತೇನೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗ್ರಾಮ ಪಂಚಾಯಿತಿ ಇಟ್ಟುಕೊಂಡೂ ಮಾಡಿ ನೋಡಿದೆ, ಕೂರಲಿಲ್ಲ. ಅಲ್ಲಿ ನಿರ್ಣಯ ಮಾಡುವವರೇ ಜಾರಿಯನ್ನೂ ನೋಡಿಕೊಳ್ಳುತ್ತಾರೆ. ಈ ಸಲ 1994ರ ಬೊಮ್ಮಾಯಿ ತೀರ್ಪಿನ ಕಡತ ಕಟ್ಟುತ್ತಿದ್ದೇನೆ. ಬಹುಮತ ಸಾಬೀತಾಗಬೇಕಾದ್ದು ರಾಜ್ಯಪಾಲರ ಅಂದಾಜಿನಲ್ಲಲ್ಲ, ಸದನದಲ್ಲಿ ಎಂದ ತೀರ್ಪು ಅದು, ಹಾಗಾಗಿ ರಾಜ್ಯಪಾಲರಿಗೂ ಒಂದು ಕುರ್ಚಿ ಹುಡುಕಬೇಕು.