ಹಳೇ ಲಾರಿ ಹಬ್ಬಿಗೆ ಬೇರಿಂಗ್ ಹುಡುಕಿದ್ದು

ಕಾಫಿ ಕೊಯ್ಲು ಜೋರಾಗಿದ್ದ ಜನವರಿ. ಸಕಲೇಶಪುರದ ಕಡೆಯ ಎಸ್ಟೇಟಿನ ಹಳೇ ಲಾರಿಯೊಂದು ಹಾಸನದ ನಮ್ಮ ಗ್ಯಾರೇಜಿಗೆ ಬಂತು. ಎಡಗಡೆ ಮುಂದಿನ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಮುಟ್ಟೋಕಾಗದ ಹಾಗೆ ಕಾಯ್ತಿತ್ತು. ಬೇರಿಂಗ್ ಹಾಕಿಸಿ ಇಪ್ಪತ್ತು ದಿನವೂ ಆಗಿರಲಿಲ್ಲ. "ಈ ಗಾಡಿ ಬೇರಿಂಗ್ ಈಗ ಬರೋದೇ ಇಲ್ವಂತೆ ಸಾರ್, ಹತ್ತಿರದ ಸೈಜ್ ಯಾವುದೋ ಹಾಕಿ ಅಡ್ಜಸ್ಟ್ ಮಾಡಿಕೊಟ್ರು" ಅಂದ ಡ್ರೈವರ್.

ಹಬ್ ಎಳೆದಾಗ ಅಡ್ಜಸ್ಟ್ ಅಂದ್ರೆ ಏನು ಅಂತ ಗೊತ್ತಾಯ್ತು. ಒಳಗಿನ ಬೇರಿಂಗಿನ ಕೋನ್, ಅಂದರೆ ರೋಲರ್ ಕೂತ ಒಳಬಳೆ, ಚಕ್ರ ಹೊರುವ ದಂಡವಾದ ಸ್ಟಬ್ ಆಕ್ಸಲ್‌ಗಿಂತ ದೊಡ್ಡದು. ನಡುವಿನ ಸಂದಿಗೆ ತೆಳು ತಗಡನ್ನು ಸುತ್ತಿ ಸುತ್ತಿ ತುರುಕಿದ್ದರು. ಕೆಳಭಾಗದಲ್ಲಿ ತಗಡು ಕಾಗದದಂತೆ ಸವೆದು ಹರಿದಿತ್ತು. ಮುಂದಿನ ಆಕ್ಸಲ್ ತಿರುಗೋದಿಲ್ಲ, ಲೋಡೆಲ್ಲ ಸದಾ ಅದರ ಕೆಳಭಾಗದ ಮೇಲೇ ಬೀಳುತ್ತೆ. ಕೋನ್ ಓರೆಯಾಗಿ ಕೂತು, ರೋಲರುಗಳು ಒಂದೇ ತುದಿಯಲ್ಲಿ ಉಜ್ಜಿದ್ದವು. ಗ್ರೀಸ್ ಕಪ್ಪಾಗಿತ್ತು, ಬೆರಳಲ್ಲಿ ತಿಕ್ಕಿದರೆ ತಗಡಿನ ಚೂರು ಚುಚ್ಚುತ್ತಿತ್ತು. ಲೋಡ್ ಹಾಕಿಕೊಂಡು ಇದೇ ಹಬ್ಬಲ್ಲಿ ಶಿರಾಡಿ ಘಾಟಿ ಇಳಿದಿದ್ದಾರೆ ಅಂತ ಕೇಳಿ ನನಗೆ ನಿಜಕ್ಕೂ ಭಯ ಆಯ್ತು.

ಅಂಗಡಿಗೆ ಹೋಗಿ ಲಾರಿಯ ಹೆಸರು, ಮಾಡೆಲ್ ಹೇಳಿ ಕೇಳಿದರೆ "ಇಲ್ಲ" ಅನ್ನೋ ಉತ್ತರವೇ ಬರುತ್ತೆ. ಗಾಡಿ ಕಂಪನಿಯವರು ಡಬ್ಬದ ಮೇಲೆ ಹಾಕುತ್ತಿದ್ದ ಪಾರ್ಟ್ ನಂಬರ್ ಸತ್ತುಹೋಗಿರುತ್ತೆ. ಒಳಗಿದ್ದ ಬೇರಿಂಗ್ ಮಾತ್ರ ಎಷ್ಟೋ ಸಲ ಇಂದಿಗೂ ಬೇರೆ ಬೇರೆ ಗಾಡಿಗೆ ತಯಾರಾಗುತ್ತಲೇ ಇರುತ್ತೆ. ಅದಕ್ಕೇ ನಾನು ಮೊದಲು ಮೈಕ್ರೋಮೀಟರ್ ಹಿಡಿಯೋದು. ಆಕ್ಸಲ್ಲನ್ನು ಡೀಸೆಲ್ಲಲ್ಲಿ ತೊಳೆದು, ಗೀರುಗಳ ಏಣನ್ನು ನುಣುಪು ಎಮರಿಯಲ್ಲಿ ತೆಗೆದು, ಮೇಲೆ ಕೆಳಗೆ ಅಡ್ಡಡ್ಡ ನಾಲ್ಕು ಕಡೆ ಅಳೆದೆ. 63.5 ಮಿ.ಮೀ.ಗೆ ಕೂದಲೆಳೆಯಷ್ಟು ಕಮ್ಮಿ, ಅಂದರೆ ಎರಡೂವರೆ ಇಂಚು. ಅತಿಯಾಗಿ ಕಾದು ಲೋಹಕ್ಕೆ ನೀಲಿ ಬಣ್ಣ ತಿರುಗಿರಲಿಲ್ಲ, ಪುಣ್ಯ. ನೀಲಿಯಾಗಿದ್ದರೆ ಆ ಆಕ್ಸಲ್ಲೇ ಬೇಡ ಅಂತ ಪಕ್ಕಕ್ಕಿಡುತ್ತಿದ್ದೆ.

ಕಿತ್ತ ಬೇರಿಂಗಿನ ಹೊರಬಳೆಯಾದ ಕಪ್ ಮೇಲೆ ಎಚ್‌ಎಂ 212011, ಕೋನ್ ಮೇಲೆ ಎಚ್‌ಎಂ 212049 ಅಂತಿತ್ತು. ಗುಟ್ಟು ಇಲ್ಲೇ ಇತ್ತು. ಇಂಚಿನ ಲೆಕ್ಕದ ಟೇಪರ್ ಬೇರಿಂಗಲ್ಲಿ ಕೋನಿಗೊಂದು, ಕಪ್ಪಿಗೊಂದು ನಂಬರ್ ಇರುತ್ತೆ. ಒಂದೇ ಸರಣಿಯಲ್ಲಿ ಒಂದೇ ಕಪ್ಪಿಗೆ ಬೇರೆ ಬೇರೆ ತೂತಿನ ಕೋನ್‌ಗಳು ಕೂರುತ್ತವೆ. 212049ರ ತೂತು 66.675 ಮಿ.ಮೀ., 212047ರದು 63.5. ಎರಡಕ್ಕೂ ಕಪ್ ಅದೇ, ಹೊರ ಅಳತೆ 122.238, ಒಟ್ಟು ಅಗಲವೂ ಅದೇ 38.1. ನಂಬರಿನ ಕೊನೇ ಅಂಕಿ ನೋಡಿ ಕೇಳಿದ್ದರೆ ತಗಡು ಸುತ್ತುವ ಪ್ರಮೇಯವೇ ಬರ್ತಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಮಾಡಿ, ಲಾರಿ ಹೆಸರೇ ಎತ್ತದೆ, 212047 ಕೋನು, 212011 ಕಪ್ಪು ಅಂದೆ. ಮಾರನೇ ದಿನ ಬಸ್ಸಲ್ಲಿ ಬಂತು.

ಕಪ್ ಅದೇ ಆದರೂ ಹಳೇದನ್ನು ಬಿಡಲಿಲ್ಲ. ಓರೆಯಾಗಿ ಓಡಿದ ರೋಲರ್ ಕಪ್ಪಿನ ದಾರಿಯನ್ನೂ ಕೆಡಿಸಿರುತ್ತೆ, ಹೊಸ ಕೋನ್ ಅದರ ಮೇಲೆ ಬಾಳೋದಿಲ್ಲ. ಹಬ್ಬಲ್ಲಿ ಕಚ್ಚಿಕೊಂಡ ಕಪ್ ತೆಗೆಯೋಕೆ ಗ್ರೀಸನ್ನೆಲ್ಲ ಒರೆಸಿ, ರೋಲರ್ ಓಡುವ ಮೈಮೇಲೆ ಸುತ್ತ ಒಂದೇ ಗೆರೆ ವೆಲ್ಡಿಂಗ್ ಎಳೆದೆ. ತಣ್ಣಗಾಗುತ್ತಾ ಕಪ್ ಕುಗ್ಗುತ್ತೆ. ಹಬ್ ಬೋರಲು ಹಾಕಿ ಮರದ ಕೊಡತಿಯಲ್ಲಿ ಎರಡು ಪೆಟ್ಟು ಕೊಟ್ಟರೆ ಠಣ್ ಅಂತ ಬಿತ್ತು. ಹೊಸ ಕಪ್ ಹಬ್ಬಲ್ಲಿ ಬಿಗಿಯಾಗೇ ಕೂರಬೇಕು, ಯಾಕಂದ್ರೆ ತಿರುಗೋದು ಹಬ್ಬು. ನಿಂತ ಆಕ್ಸಲ್ ಮೇಲೆ ಕೋನ್ ಕೈಯಲ್ಲಿ ಒತ್ತಿದರೆ ಜಾರಿ ಕೂರಬೇಕು, ಆದರೆ ಅಲುಗಬಾರದು. ಕೋನಿನ ಮೂಲೆಯ ಉರುಟು ಆಕ್ಸಲ್ ಬುಡದ ಉರುಟಿಗೆ ತಾಗದೆ ಪೂರ್ತಿ ಒಳಗೆ ಕೂರುತ್ತಾ ಅಂತ ಫೀಲರ್ ಗೇಜ್ ಹಾಕಿ ನೋಡಿದೆ. ನಂಬರ್ ಬದಲಿಸಿದಾಗ ಎಲ್ಲರೂ ಮರೆಯೋದು ಇದನ್ನೇ.

ಹಬ್ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ಸಡಿಲ ಬಿಟ್ಟು, ಡಯಲ್ ಗೇಜ್ ಇಟ್ಟು ಆಟ, ಅಂದರೆ ಹಬ್ ಹಿಂದೆ ಮುಂದೆ ಎಷ್ಟು ಅಲುಗುತ್ತೆ ಅಂತ, ನೋಡಿದೆ. 0.025ರಿಂದ 0.125 ಮಿ.ಮೀ. ಒಳಗೆ ಇರಬೇಕು. ನನಗೆ 0.06 ಬಂತು, ಲಾಕ್ ಮಾಡಿದೆ.

ಎಲ್ಲ ಸಲ ಹೀಗೆ ಸುಲಭಕ್ಕೆ ಮುಗಿಯೋದಿಲ್ಲ. ಆಮೇಲೆ ಮೂಡಿಗೆರೆ ಕಡೆಯ ಇನ್ನೊಂದು ಲಾರಿ, ಹಿಂದಿನ ಆಕ್ಸಲ್ ಹೌಸಿಂಗ್ ಒಳಗೆ, ಕ್ರೌನ್ ಅನ್ನೋ ದೊಡ್ಡ ಹಲ್ಲಿನ ಚಕ್ರವನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್, ಅದರ ಬೇರಿಂಗ್ ಹೋಗಿತ್ತು. ನಂಬರ್ ಅಳಿಸಿತ್ತು, ಅಳತೆ ತೂತು 60, ಹೊರಗೆ 110, ಅಗಲ 38. ಇದು ಮಿಲಿಮೀಟರ್ ಲೆಕ್ಕದ್ದು. ಇಂಥದರ ನಂಬರಿನ ಕೊನೇ ಎರಡಂಕಿಯನ್ನು ಐದರಿಂದ ಗುಣಿಸಿದರೆ ತೂತಿನ ಅಳತೆ ಸಿಗುತ್ತೆ, ಅಂದರೆ ಕೊನೆಗೆ 12 ಇರಬೇಕು. ಅಂಗಡಿಯಲ್ಲಿದ್ದದ್ದು 32212. ತೂತು ಸರಿ, ಹೊರಗಿನದೂ ಸರಿ, ಅಗಲ ಮಾತ್ರ 29.75. "ಎಂಟು ಮಿಲಿಮೀಟರ್ ರಿಂಗ್ ಮಾಡಿಸಿ ಹಾಕಿಬಿಡಿ ಅಣ್ಣಾ" ಅಂದ್ರು ಗಾಡಿಯವರು. ಹಗುರ ಟ್ರಾಲಿ ಹಬ್ಬಾಗಿದ್ದರೆ ಎರಡೂ ಮುಖ ಗ್ರೈಂಡ್ ಮಾಡಿಸಿದ ರಿಂಗ್ ಹಾಕಿ ಕಳಿಸುತ್ತಿದ್ದೆ, ಕಳಿಸಿಯೂ ಇದ್ದೀನಿ. ಇಂಜಿನ್ ಬಲವೆಲ್ಲ ಹಾಯೋ ಪಿನಿಯನ್‌ಗೆ ಗಿಡ್ಡ ರೋಲರ್ ಹಾಕೋಕೆ ಮನಸ್ಸು ಒಪ್ಪಲಿಲ್ಲ. 38 ಅಗಲದ್ದು 33212. ಎರಡು ದಿನ ಕಾಯಿಸಿ ಅದನ್ನೇ ತರಿಸಿದೆ.

ಅಳತೆ ಅದೇ ಇದ್ದರೂ ಪಿನಿಯನ್ ಎಷ್ಟು ಒಳಗೆ ಕೂರಬೇಕು ಅಂತ ಹೊಂದಿಸುವ ತೆಳು ಬಿಲ್ಲೆ, ಅಂದರೆ ಹಳೇ ಶಿಮ್, ನಂಬಬಾರದು. ಕ್ರೌನ್ ಹಲ್ಲಿಗೆ ಗುರುತು ಬೀಳೋ ನೀಲಿ ಬಣ್ಣ, ಬ್ಲೂ, ಹಚ್ಚಿ ತಿರುಗಿಸಿದೆ, ಗುರುತು ಹಲ್ಲಿನ ಬುಡಕ್ಕೆ ಬಿತ್ತು. ಪಿನಿಯನ್ ತೀರ ಒಳಗೆ ಹೋಗಿತ್ತು. ಪಿನಿಯನ್ ತಲೆಯ ಹಿಂದಿನ 0.1 ಮಿ.ಮೀ. ದಪ್ಪದ ಒಂದು ಶಿಮ್ ತೆಗೆದೆ, ಗುರುತು ಹಲ್ಲಿನ ನಡುವಿಗೆ ಬಂತು.

ಎಸ್ಟೇಟಿನ ಲಾರಿಯನ್ನು ನಾನೇ ಆಲೂರಿನ ತನಕ ಓಡಿಸಿ, ಇಳಿದು ಹಬ್ ಮೇಲೆ ಅಂಗೈ ಇಟ್ಟೆ. ಉಗುರುಬೆಚ್ಚಗಿತ್ತು, ಬಲಗಡೆಯದೂ ಅಷ್ಟೇ. ವಾಪಸ್ ಬಂದು ಟೂಲ್ ಬಾಕ್ಸಿನ ಮುಚ್ಚಳದ ಒಳಗಡೆ ಬಿಳೀ ಪೇಂಟಲ್ಲಿ ಕೋನು, ಕಪ್ಪಿನ ಎರಡೂ ನಂಬರ್ ಬರೆದು ಕಳಿಸಿದೆ.