ಮಂಡಿಯೊಳಗೆ ಆರ್‌ಎಫ್ ವಾಂಡ್: ಪೆಡಲ್ ಒತ್ತುವ ಮುಂಚೆ

ಮಂಡಿಯೊಳಗೆ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್‌ನಲ್ಲಿ, ಕಾರ್ಟಿಲೇಜ್ ಅಂದರೆ ಮೂಳೆತುದಿಯ ನುಣುಪು ಹೊದಿಕೆಯ ಹರಿದ ಎಳೆಗಳನ್ನು ಕರೆಂಟಿನಿಂದ ಸವರಿ ಸರಿಮಾಡುವ ಕಡ್ಡಿಯೇ ಆರ್‌ಎಫ್ (ರೇಡಿಯೋಫ್ರೀಕ್ವೆನ್ಸಿ) ವಾಂಡ್. ಆಪರೇಷನ್ ಥಿಯೇಟರಿಗೆ ಕಲಿಯಲು ಬರುವ ಪಿಜಿ ಡಾಕ್ಟರ್ ಹುಡುಗರು ಅದು ಕೈಗೆ ಸಿಕ್ಕ ಕೂಡಲೇ, ಅದನ್ನು ಚಾಲೂ ಮಾಡುವ ಪೆಡಲ್ ಮೇಲೆ ಕಾಲಿಡುತ್ತಾರೆ. ನಾನು ಅದನ್ನು ಕೆಳಗಿಡಿಸಿ ಹುಕ್ ಪ್ರೋಬ್, ಅಂದರೆ ತುದಿ ಬಾಗಿದ ಕಡ್ಡಿ, ಕೊಡುತ್ತೇನೆ.

ಅದರಿಂದ ಕಾರ್ಟಿಲೇಜನ್ನು ಮೆಲ್ಲಗೆ ಒತ್ತಿ ನೋಡಿ. ಕಾರ್ಟಿಲೇಜ್ ಎಷ್ಟು ಕೆಟ್ಟಿದೆ ಅಂತ ಹೇಳಲು 1961ರಲ್ಲಿ ಔಟರ್‌ಬ್ರಿಡ್ಜ್ ಎಂಬ ಸರ್ಜನ್ ಹಾಕಿಕೊಟ್ಟ ನಾಲ್ಕು ಗ್ರೇಡುಗಳೇ ಇಲ್ಲೂ ಸಾಕು. ಮೇಲ್ಮೈ ಕಿತ್ತಿಲ್ಲ, ಬರೀ ಮೆತ್ತಗಾಗಿದೆ ಅಂದರೆ 1ನೇ ಗ್ರೇಡ್, ಸುಮ್ನೆ ಬಿಡಿ. ಮೂಳೆ ಕಂಡರೆ 4ನೇ ಗ್ರೇಡ್, ಅಲ್ಲಿ ವಾಂಡ್‌ಗೆ ಕೆಲಸವಿಲ್ಲ. ನಡುವಿನ ಎರಡರಲ್ಲಿ ಎಳೆಗಳು ಕೆರೆಯ ಪಾಚಿಯ ಹಾಗೆ ನೀರಿನಲ್ಲಿ ಅಲ್ಲಾಡುತ್ತವಲ್ಲ, ನಾವು ಮುಟ್ಟುವುದು ಅವನ್ನು ಮಾತ್ರ. ದೊಡ್ಡ ಚೂರು ಜೋತಾಡುತ್ತಿದ್ದರೆ ಮೊದಲು ಶೇವರ್ (ತಿರುಗುವ ಬ್ಲೇಡ್) ಹಾಕಿ.

ಈಗ ಮಂಡಿಯೊಳಗೆ ಹರಿಸುವ ನೀರಿನ ವಿಷಯ. ಕಾರ್ಟಿಲೇಜ್‌ನ ಜೀವಕೋಶಗಳು ಸುಮಾರು 50 ಡಿಗ್ರಿ ದಾಟಿದರೆ ಸಾಯತೊಡಗುತ್ತವೆ. ಅಲ್ಲಿಗೆ ರಕ್ತನಾಳ ಹೋಗುವುದಿಲ್ಲ, ಸತ್ತದ್ದು ಮತ್ತೆ ಬೆಳೆಯುವ ಆಸೆ ಬೇಡ. ಹಾಗಾಗಿ ಸಲೈನ್ ಒಳಗೆ ಬರುತ್ತಿರಬೇಕು, ಹೊರಗೆ ಹೋಗುತ್ತಲೂ ಇರಬೇಕು. ಬೈಪೋಲಾರ್ ವಾಂಡ್‌ನಲ್ಲಿ (ಎರಡೂ ಎಲೆಕ್ಟ್ರೋಡ್ ತುದಿಯಲ್ಲೇ ಇರುವುದು) ಕರೆಂಟ್ ಹರಿಯುವುದೂ ಆ ಉಪ್ಪುನೀರಿನ ಮೂಲಕವೇ.

ಶುರುವಿನ ದಿನಗಳಲ್ಲಿ ನಾನೊಮ್ಮೆ ಮಾನಿಟರ್ ನೋಡುತ್ತಾ ಮೈಮರೆತೆ. ಮೂರು ಲೀಟರಿನ ಬ್ಯಾಗ್ ಖಾಲಿಯಾಗುತ್ತಾ ಬಂದಿತ್ತು. ಒಳಗೆ ನಿಂತು ಬಿಸಿಯಾದ ನೀರು ಪೋರ್ಟಲ್‌ನಿಂದ (ಸಲಕರಣೆ ಹಾಕಲು ಕೊಯ್ದ ಸಣ್ಣ ತೂತು) ಸೋರಿ ಕಾಲಿನ ಮೇಲೆ ಇಳಿದಿದೆ. ಮಾರನೇ ದಿನ ಆ ಅಮ್ಮ ಕೇಳಿದರು, 'ಡಾಕ್ಟ್ರೇ, ಮಂಡಿ ಪರವಾಗಿಲ್ಲ, ಈ ಸುಟ್ಟ ಬೊಬ್ಬೆ ಯಾಕೆ?' ಏನು ಹೇಳಲಿ? ಅಂದಿನಿಂದ ಬ್ಯಾಗ್ ಕಾಲುಭಾಗಕ್ಕೆ ಇಳಿದ ಕೂಡಲೇ ಸಿಸ್ಟರ್ ಜೋರಾಗಿ ಕೂಗಿ ಹೇಳಬೇಕು, ನಾನು ಕೈ ನಿಲ್ಲಿಸಬೇಕು.

ಇನ್ನು ಕೈಚಳಕ. ಆ ವಾಂಡ್‌ಗೆ ಕಂಪನಿ ಹೇಳಿದ ಕಡಿಮೆ ಸೆಟ್ಟಿಂಗ್‌ನಿಂದ ಶುರು ಮಾಡಿ. ರೇಷ್ಮೆ ಸೀರೆಗೆ ಇಸ್ತ್ರಿ ಹಾಕುವಾಗ ಪೆಟ್ಟಿಗೆಯನ್ನು ಒಂದೇ ಕಡೆ ಇಡುತ್ತೀರಾ? ಹಾಗೇ ಇದೂ. ತುದಿ ಎಳೆಗಳ ಮೇಲೆ ಸವರಿಕೊಂಡು ಹೋಗಬೇಕು, ಒತ್ತಬಾರದು, ನಿಲ್ಲಬಾರದು. ಒಂದೆರಡು ಸೆಕೆಂಡ್ ಪೆಡಲ್, ಆಮೇಲೆ ಬಿಡುವು. ಗುಳ್ಳೆ ಜಾಸ್ತಿಯಾಗಿ ಏನೂ ಕಾಣದಿದ್ದರೆ ಕಾಲು ತೆಗೆದು, ನೀರು ತಿಳಿಯಾಗಲು ಬಿಡಿ. ಮಂಡಿಚಿಪ್ಪಿನ ಹಿಂದೆ ಕಾರ್ಟಿಲೇಜ್ ದಪ್ಪ, ತೊಡೆಮೂಳೆಯ ತುದಿಯಲ್ಲಿ ತೆಳು. ಅಲ್ಲಿ ಇನ್ನೂ ಹಗುರವಾಗಿರಲಿ ಕೈ.

ಎಳೆ ಸುರುಟಿಕೊಂಡ ಮೇಲೂ ಹೊಳಪು ಬರಲಿ ಅಂತ ಮತ್ತೆ ಮತ್ತೆ ಸವರುವುದು ಬರೀ ದುರಾಸೆ. ನಾನೂ ಮಾಡಿದ್ದೇನೆ. ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ವಾಂಡ್ ತೆಗೆದ ಮೇಲೆ ಸ್ವಲ್ಪ ಹೊತ್ತು ಸಲೈನ್ ಹರಿಯಲಿ. ಹುಕ್‌ನಿಂದ ಅಂಚನ್ನು ಮತ್ತೊಮ್ಮೆ ಎಳೆದು ನೋಡಿ. ಏನೂ ಸಿಕ್ಕಿಕೊಳ್ಳದಿದ್ದರೆ ಹೊರಗೆ ಬನ್ನಿ. ಆಮೇಲೆ ಪೇಷಂಟ್‌ಗೆ 'ಹೊಸ ಕಾರ್ಟಿಲೇಜ್ ಹಾಕಿದ್ದೇವೆ' ಅನ್ನಬೇಡಿ. ಹರಿದ ಅಂಚನ್ನು ಸರಿಮಾಡಿದ್ದೇವೆ ಅನ್ನಿ.